ಹಳೆಯ ಭವನದಲ್ಲಿ ಹೊಸ ಚಿತ್ರಶಾಲೆ

ಹಳೆಯ ಸೌಧದಲ್ಲಿ ಚಿತ್ರಗಳನ್ನಿರಿಸುವುದು ನಮ್ಮ ನಾಡಿಗೆ ಹೊಸತಲ್ಲ. 1861ರಲ್ಲಿ ನಿರ್ಮಿತವಾದ ಮೈಸೂರಿನ ಜಗನ್ಮೋಹನ ಅರಮನೆಯು 1915ರಲ್ಲಿ ಚಿತ್ರಶಾಲೆಯಾಯಿತು. ಆದರೆ ವಾಸದ ಮನೆಯು ಚಿತ್ರಗಳ ಮನೆಯಾಗುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಕಿಟಕಿಯ ಬಿಸಿಲಿಗೆ ಬಣ್ಣ ಮಾಸುವುದು. ಗೋಡೆಯ ತೇವಕ್ಕೆ ಕಾಗದ ಕೆಡುವುದು. ಈ ಕಾಲದ ದೊಡ್ಡ ಕೃತಿಗಳಿಗೆ ಕೋಣೆಗಳು ಸಾಲವು. ಬೆಂಗಳೂರಿನ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ತೆರೆದಾಗ, ಹಳೆಯ ಮನೆಯನ್ನು ಕೆಡಹದೆ ಅದಕ್ಕೆ ಹೊಸ ಕಟ್ಟಡವೊಂದನ್ನು ಜೋಡಿಸಿದ್ದರು. ಅಂಗಳದ ಮರಗಳನ್ನೂ ಉಳಿಸಿಕೊಂಡಿದ್ದರು. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಮಹನೀಯರಲ್ಲಿ ನಮ್ಮ ಬಿನ್ನಹವಿಷ್ಟೆ: ನಿಮ್ಮೂರಿನ ಹಳೆಯ ಕಟ್ಟಡವನ್ನು ಕೆಡಹುವ ಮಾತು ಬಂದಾಗ, ಮೊದಲು ಬಾಗಿಲು ತೆಗೆಸಿ ಒಳಗಿನ ಗೋಡೆಗಳನ್ನೊಮ್ಮೆ ನೋಡಿರಿ. ಉಳಿದುದಕ್ಕೆ ಹೊಸ ಕೆಲಸವನ್ನು ಹುಡುಕಬಹುದು. ಕೆಡಹಿದುದನ್ನು ಮರಳಿ ಪಡೆಯಲಾಗದು.