ಸವೆದ ಕಬ್ಬಿಣದ ಮರುಹುಟ್ಟು

ಬೆಂಗಳೂರಿನ ಒಂದು ಹಳೆಯ ಗ್ಯಾರೇಜಿನಲ್ಲಿ, ಕೀಲೆಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ, ತನ್ನ ಅಂಗಾಂಗಗಳನ್ನೆಲ್ಲ ಕಳಚಿಟ್ಟು ಬರಿಯ ಎರಕದ ಕಬ್ಬಿಣದ ಗಟ್ಟಿಯಾಗಿ ಕುಳಿತಿದ್ದ ಅಂಬಾಸಿಡರ್ ಕಾರಿನ ಇಂಜಿನನ್ನು ಕಂಡಾಗ, ಅದು ಮತ್ತೆ ಉಸಿರಾಡೀತೆಂಬ ನಂಬಿಕೆ ನನಗೆ ಬರಲಿಲ್ಲ. ವೃದ್ಧರಾದ ಮೇಸ್ತ್ರಿಗಳು ಸಿಲಿಂಡರಿನ ಬಾಯಿಯೊಳಗೆ ಬೆರಳಿಳಿಸಿ, ಉಗುರಿಗೆ ತಡೆಯುವ ಒಂದು ಸಣ್ಣ ಅಂಚನ್ನು ತೋರಿಸಿ, "ನೋಡಿ ಸ್ವಾಮಿ, ಇದು ಎಷ್ಟು ದುಡಿದಿದೆಯೆಂದು ಇದೇ ಹೇಳುತ್ತದೆ" ಎಂದರು. ಪಿಸ್ಟನ್ನಿನ ಮೇಲಣ ರಿಂಗು ಏರಿ ನಿಲ್ಲುವೆಡೆಯಲ್ಲಿ ತಾಪ ಅಧಿಕ, ಎಣ್ಣೆ ಅಲ್ಪ. ಆದುದರಿಂದ ಅಲ್ಲಿ ಗೋಡೆ ಹೆಚ್ಚು ಸವೆಯುವುದು, ರಿಂಗು ಮುಟ್ಟದ ಮೇಲ್ತುದಿ ಮಾತ್ರ ಮೊದಲಿನಂತೆಯೇ ಉಳಿಯುವುದು.

ಈ ಇಂಜಿನ್ನಿನ ವಂಶಮೂಲವಿರುವುದು ಇಂಗ್ಲೆಂಡಿನಲ್ಲಿ. 1947ರಲ್ಲಿ ಆಸ್ಟಿನ್ ಕಂಪನಿಯು ತನ್ನ ಎ-40 ಕಾರಿಗೆಂದು ರೂಪಿಸಿದ 1200 ಸಿ.ಸಿ. ಯಂತ್ರವು, 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು ಒಂದುಗೂಡಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಆದ ಬಳಿಕ, 'ಬಿ' ಶ್ರೇಣಿಯೆಂಬ ಹೆಸರಿನಿಂದ ಬೆಳೆದು 1489 ಸಿ.ಸಿ.ಗೆ ಏರಿತು. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಅನುಸರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ಥಾನ್ ಮೋಟರ್ಸ್ ಸಂಸ್ಥೆಯು ನಿರ್ಮಿಸಿದ ಅಂಬಾಸಿಡರ್, ಆರಂಭದಲ್ಲಿ ಪಕ್ಕದ ವಾಲ್ವುಗಳ ಹಳೆಯ ಯಂತ್ರವನ್ನೇ ಹೊತ್ತಿದ್ದು, 1959ರಲ್ಲಿ ಹೆಡ್ಡಿನ ಮೇಲೆ ವಾಲ್ವುಗಳುಳ್ಳ ಈ ಇಂಜಿನನ್ನು ಪಡೆಯಿತು. 2014ರಲ್ಲಿ ಉತ್ತರಪಾರಾದಲ್ಲಿ ಕಾರಿನ ತಯಾರಿಕೆಯೇ ನಿಂತಿತು. ಆದರೆ ತಯಾರಿಕೆ ನಿಂತ ಮಾತ್ರಕ್ಕೆ ಯಂತ್ರದ ಆಯುಸ್ಸು ತೀರಬೇಕೆಂಬ ನಿಯಮವಿಲ್ಲ.

ತೀರದಿರುವುದಕ್ಕೆ ಕಾರಣ ಅದನ್ನು ರೂಪಿಸಿದವರ ದೂರದೃಷ್ಟಿ. ಸಿಲಿಂಡರಿನ ಮೂಲ ವ್ಯಾಸ 73.025 ಮಿ.ಮೀ.; ಅದು ಸವೆದು ಅಂಡಾಕೃತಿಗೆ ತಿರುಗಿದಾಗ ಕೊರೆದು ಮತ್ತೆ ವೃತ್ತಾಕಾರಕ್ಕೆ ತರಬಹುದೆಂದೂ, ಹಾಗೆ ಕೊರೆದ ರಂಧ್ರಕ್ಕೆ ಹೊಂದುವ ಪಿಸ್ಟನ್ನುಗಳು ಅಂಗುಲದ ಸಾವಿರದಲ್ಲಿ 10, 20, 30, 40 ಭಾಗ ದಪ್ಪನಾಗಿ ದೊರೆಯಬೇಕೆಂದೂ ಅವರು ಮೊದಲೇ ಎಣಿಸಿ, ಗೋಡೆಯಲ್ಲಿ ಅಷ್ಟು ಕಬ್ಬಿಣವನ್ನು ಮಿಗಿಸಿಟ್ಟಿದ್ದರು. ಮೂರು ಬೇರಿಂಗುಗಳ ಮೇಲೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೂ ಇದೇ ಏರ್ಪಾಡು: ಶಾಫ್ಟನ್ನು ಉಜ್ಜಿ ತೆಳುವಾಗಿಸಿದಷ್ಟೂ ದಪ್ಪನೆಯ ಶೆಲ್ಲುಗಳನ್ನು ಹಾಕುವುದು.

ನಮ್ಮ ಇಂಜಿನ್ನಿಗೆ 20ರ ಅಳತೆ ನಿಶ್ಚಯವಾಯಿತು; ವ್ಯಾಸ 73.533 ಮಿ.ಮೀ. ಆಯಿತು. ಕೊರೆದ ಗೋಡೆಯನ್ನು ಕನ್ನಡಿಯಂತೆ ನುಣುಪಾಗಿಸದೆ, ಎಣ್ಣೆ ನಿಲ್ಲಲೆಂದು ಒಂದನ್ನೊಂದು ಅಡ್ಡಹಾಯುವ ಸೂಕ್ಷ್ಮ ಗೆರೆಗಳನ್ನು ಅದರ ಮೇಲೆ ಉಳಿಸಿದರು. ಅನಂತರ ಮೇಸ್ತ್ರಿಗಳು ವಾಲ್ವಿನ ಅಂಚಿಗೆ ಅರೆಯುವ ಪೇಸ್ಟನ್ನು ಸವರಿ, ಅದಕ್ಕೆ ಅಂಟಿಸಿದ ಕೋಲನ್ನು ಕಡೆಗೋಲಿನಂತೆ ಅಂಗೈಗಳ ನಡುವೆ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತ ಕುಳಿತರು. ಎಂಟು ವಾಲ್ವುಗಳಿಗೆ ಒಂದು ಪೂರ್ವಾಹ್ನವೆಲ್ಲ ಹಿಡಿಯಿತು. ಪ್ರತಿಯೊಂದನ್ನೂ ಒರೆಸಿ, ಸುತ್ತಲೂ ಎಲ್ಲಿಯೂ ಕಡಿಯದ ಬೂದುಬಣ್ಣದ ಬಳೆಯೊಂದು ಮೂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಕಡೆಗೆ ಹೆಡ್ಡನ್ನು ಬೋರಲಾಗಿರಿಸಿ ಸೀಮೆಎಣ್ಣೆ ಹೊಯ್ದರು. ಒಂದು ಹನಿಯೂ ಕೆಳಗೆ ಇಳಿಯಲಿಲ್ಲ. ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಮ್ಮೆಗೇ ಬಿಗಿಯದೆ ಸುತ್ತುಸುತ್ತಾಗಿ ಬಿಗಿದರು.

ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಟ್ಟು, ಎಣ್ಣೆಯ ಒತ್ತಡ ಏರುವ ತನಕ ಇಂಜಿನನ್ನು ಬರಿದೆ ತಿರುಗಿಸಿ, ಆಮೇಲೆ ಪ್ಲಗ್ಗುಗಳನ್ನು ಹಾಕಿ ಕೀಲಿ ತಿರುಗಿಸಿದಾಗ, ಎರಡು ಬಾರಿ ಕೆಮ್ಮಿದ ಆ ಯಂತ್ರ ಮೂರನೆಯ ಬಾರಿಗೆ ಹೊತ್ತಿಕೊಂಡು, ಕ್ಷಣಕಾಲ ತಡವರಿಸಿ, ಸಮಗತಿಗೆ ಬಂದಿತು. ಮೇಸ್ತ್ರಿಗಳು ಕಿವಿಗೊಟ್ಟು ಆಲಿಸಿ, ಕೈ ಒರೆಸಿಕೊಂಡು, "30, 40 ಇನ್ನೂ ಬಾಕಿ ಇವೆ ಸ್ವಾಮಿ, ನಿಮ್ಮ ಮೊಮ್ಮಕ್ಕಳಿಗೆ ಆಗುತ್ತದೆ" ಎಂದರು. ಏಳೆಂಟು ದಶಕಗಳ ಹಿಂದೆ ಎಲ್ಲಿಯೋ ಕುಳಿತು ನಕ್ಷೆ ಬರೆದವರು ಮಿಗಿಸಿಟ್ಟ ಆ ಕೂದಲೆಳೆಯಷ್ಟು ಕಬ್ಬಿಣಕ್ಕೆ ನಾನು ಮನಸ್ಸಿನಲ್ಲಿಯೇ ಕೈಮುಗಿದೆ.