ಯಂತ್ರದ ವೇಗ, ಉಪಕರಣದ ಹದ

ಶ್ರೀನಿವಾಸಪುರದ ಸೀಮೆಯು ಮಾವಿಗೆ ಹೆಸರಾದುದು. ಜೀವನದಿಯಿಲ್ಲದ ಈ ಕೆಂಪು ನೆಲದಲ್ಲಿ ರಾಗಿಯ ಹೊಲವೂ ಮಾವಿನ ತೋಪೂ ರೈತನ ಬಾಳಿಗೆ ಆಧಾರ. ಹಿಂದೆ ನೇಗಿಲು, ಕುಂಟೆ, ರೋಣಗಲ್ಲುಗಳಿಂದ ಸಾಗುತ್ತಿದ್ದ ಕೆಲಸಗಳಲ್ಲಿ ಬಹುಪಾಲನ್ನು ಇಂದು ಟ್ರ್ಯಾಕ್ಟರ್ ನಿರ್ವಹಿಸುತ್ತಿದೆ. ನಡಿಗೆ ಹೊಂದದ ಎರಡು ಎತ್ತುಗಳನ್ನು ನಮ್ಮ ಹಿರಿಯರು ಒಂದೇ ನೊಗಕ್ಕೆ ಹೂಡುತ್ತಿರಲಿಲ್ಲ. ಟ್ರ್ಯಾಕ್ಟರಿಗೆ ಉಪಕರಣವನ್ನು ಜೋಡಿಸುವಾಗಲೂ ಅದೇ ವಿವೇಕವು ಅವಶ್ಯಕ.

ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಹಲ್ಲುಗಳುಳ್ಳ ಗಿಡ್ಡ ದಂಡವೊಂದು ಹೊರಚಾಚಿಕೊಂಡಿರುವುದನ್ನು ವಿದ್ಯಾರ್ಥಿಗಳು ನೋಡಿರಬಹುದು. ಪಿ.ಟಿ.ಓ. ಎಂದು ಕರೆಯುವ ಈ ದಂಡವು ಎಂಜಿನ್ನಿನ ಶಕ್ತಿಯನ್ನು ರೋಟವೇಟರ್, ಒಕ್ಕಣೆ ಯಂತ್ರ, ಔಷಧಿ ಸಿಂಪಡಿಸುವ ಯಂತ್ರ ಮೊದಲಾದವುಗಳಿಗೆ ತಿರುಗುವ ಚಲನೆಯಾಗಿ ಸಾಗಿಸುತ್ತದೆ. ಒಬ್ಬರು ಮಾಡಿದ ಉಪಕರಣವು ಮತ್ತೊಬ್ಬರು ಮಾಡಿದ ಟ್ರ್ಯಾಕ್ಟರಿಗೆ ಹೊಂದಬೇಕಾದರೆ ವೇಗಕ್ಕೊಂದು ಕಟ್ಟುಪಾಡು ಬೇಕಷ್ಟೆ. ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘವು 1920ರ ದಶಕದಲ್ಲಿ ಇದಕ್ಕೆ ಅಡಿಪಾಯ ಹಾಕಿತು. ಅದರಿಂದ ನೆಲೆಗೊಂಡ ವೇಗವೇ ನಿಮಿಷಕ್ಕೆ 540 ಸುತ್ತು. ಹೆಚ್ಚು ಶಕ್ತಿಯ ಯಂತ್ರಗಳಿಗಾಗಿ 1000 ಸುತ್ತಿನ ವೇಗವು 1950ರ ದಶಕದ ಕೊನೆಯಲ್ಲಿ ಬಂದಿತು. 540 ಸುತ್ತಿನ ದಂಡಕ್ಕೆ ಸಾಮಾನ್ಯವಾಗಿ 6 ಹಲ್ಲುಗಳು. 1000 ಸುತ್ತಿನ 35 ಮಿಲಿಮೀಟರ್ ದಂಡಕ್ಕೆ 21 ಹಲ್ಲುಗಳು. ತಪ್ಪು ಜೋಡಣೆ ಆಗದಿರಲೆಂದೇ ಈ ಭೇದವನ್ನು ಇರಿಸಿದ್ದಾರೆ.

540ಕ್ಕೆಂದು ಮಾಡಿದ ಉಪಕರಣವನ್ನು 1000ದಲ್ಲಿ ತಿರುಗಿಸಿದರೆ ವೇಗವು ಸುಮಾರು 1.85 ಪಟ್ಟಾಗುತ್ತದೆ. ಆದರೆ ತಿರುಗುವ ಅಲಗನ್ನು ಹೊರಕ್ಕೆ ಎಳೆಯುವ ಬಲವು ವೇಗದ ವರ್ಗದಂತೆ ಏರುವುದರಿಂದ ಅದು ಸುಮಾರು 3.4 ಪಟ್ಟಾಗುತ್ತದೆ! ಅಲಗು ಕಿತ್ತು ಸಿಡಿಯಲು, ಬೇರಿಂಗು ಕೆಡಲು ಇಷ್ಟು ಸಾಕು. ವೇಗ ಕುಗ್ಗಿದರೂ ನಷ್ಟ ತಪ್ಪಿದ್ದಲ್ಲ. ಒಕ್ಕಣೆ ಯಂತ್ರದಲ್ಲಿ ಕಾಳು ತೆನೆಯಲ್ಲೇ ಉಳಿಯುತ್ತದೆ, ಹೊಟ್ಟು ಸರಿಯಾಗಿ ತೂರಿಹೋಗುವುದಿಲ್ಲ. ಗಾಳಿಯ ಬಲದಿಂದ ಸಿಂಪಡಿಸುವ ಯಂತ್ರದಲ್ಲಿ ಗಾಳಿಯು ಸೊರಗಿ, ಎತ್ತರದ ಮಾವಿನ ಮರದ ನೆತ್ತಿಯ ಹೂಗೊಂಚಲಿಗೆ ಔಷಧಿಯು ತಲುಪದು. ಖರ್ಚಾದುದು ನಿಜ, ಫಲ ಮಾತ್ರ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲು ಉಪಕರಣದ ಮೇಲೆ ನಮೂದಿಸಿರುವ ವೇಗವನ್ನು ಓದಬೇಕು. ಬಳಿಕ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ, ಎಂಜಿನ್ ಎಷ್ಟು ಸುತ್ತು ತಿರುಗಿದಾಗ ದಂಡವು 540 ಸುತ್ತು ತಿರುಗುತ್ತದೆಂಬುದನ್ನು ತಿಳಿದು, ಕೈ ಎಕ್ಸಲರೇಟರನ್ನು ಅಲ್ಲಿಗೆ ನಿಲ್ಲಿಸಬೇಕು. ಟ್ರ್ಯಾಕ್ಟರ್ ನಿಧಾನವಾಗಿ ಚಲಿಸಬೇಕೆನಿಸಿದರೆ ಗೇರನ್ನು ಬದಲಿಸಬೇಕೇ ಹೊರತು ಎಕ್ಸಲರೇಟರನ್ನು ತಗ್ಗಿಸಬಾರದು. ತಗ್ಗಿಸಿದರೆ ನಡಿಗೆಯೊಡನೆ ಉಪಕರಣದ ವೇಗವೂ ಇಳಿಯುತ್ತದೆ. ನಮ್ಮಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿಯೇ. ಕೆಲವು ಟ್ರ್ಯಾಕ್ಟರುಗಳಲ್ಲಿ ಎಂಜಿನ್ನಿನ ಕಡಿಮೆ ವೇಗದಲ್ಲೇ 540 ಸುತ್ತು ದೊರಕಿಸುವ ಮಿತವ್ಯಯದ ಏರ್ಪಾಡೂ ಇದೆ. ಅದು ಹಗುರ ಕೆಲಸಕ್ಕೆ ಡೀಸೆಲ್ ಉಳಿಸುತ್ತದೆ. ಭಾರದ ಕೆಲಸಕ್ಕೆ ಸಲ್ಲದು.

ಕೊನೆಯದಾದರೂ ಮುಖ್ಯವಾದ ಮಾತೊಂದುಂಟು. 540 ಸುತ್ತೆಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಸೆರಗೋ, ಪಂಚೆಯ ಅಂಚೋ ದಂಡಕ್ಕೆ ಸಿಲುಕಿದರೆ ಬಿಡಿಸಿಕೊಳ್ಳಲು ಕಾಲಾವಕಾಶವೇ ಇಲ್ಲ. ಒಕ್ಕಣೆ ಯಂತ್ರಗಳಿಗೆ ಸಿಕ್ಕಿ ಕೈ ಕಳೆದುಕೊಂಡವರ ಸಂಕಟವು ಎಷ್ಟಿತ್ತೆಂದರೆ, ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣಕ್ಕಾಗಿಯೇ ಒಂದು ಶಾಸನವನ್ನು ಮಾಡಬೇಕಾಯಿತು. ಆದ್ದರಿಂದ ದಂಡದ ಕವಚವನ್ನು ಎಂದಿಗೂ ಕಳಚಿಡಬಾರದು. ಎಂಜಿನ್ ನಿಲ್ಲಿಸಿ, ದಂಡವು ಪೂರ್ತಿ ನಿಂತ ಬಳಿಕವೇ ಉಪಕರಣವನ್ನು ಮುಟ್ಟಬೇಕು.

ರೈತರ ಮಕ್ಕಳಾದ ನಮ್ಮ ವಿದ್ಯಾರ್ಥಿಗಳು ಶಾಲೆಯಲ್ಲಿ ಕಲಿತ ವರ್ಗ, ಅನುಪಾತಗಳ ಲೆಕ್ಕವನ್ನು ಮನೆಯ ಅಂಗಳದಲ್ಲಿ ನಿಂತ ಯಂತ್ರಕ್ಕೆ ಅನ್ವಯಿಸಿ, ತಂದೆತಾಯಿಗಳಿಗೂ ತಿಳಿಯಹೇಳಲಿ. ಅದರಿಂದ ಡೀಸೆಲ್ ಉಳಿದೀತು, ಬೆಳೆ ಉಳಿದೀತು. ಎಲ್ಲಕ್ಕಿಂತ ಮಿಗಿಲಾಗಿ, ದುಡಿಯುವ ಕೈ ಉಳಿದೀತು.