ಗುಂಡಿಯ ಸಾಚಾತನ, ದಂಡಿನ ಸಾಚಾತನ

ಬೆಲ್ಜಿಯಂ ದೇಶದ ರಾಜಧಾನಿ ಬ್ರಸೆಲ್ಸ್‌ನಿಂದ ದಕ್ಷಿಣಕ್ಕೆ ಹೊರಟರೆ, ಅರ್ಧ ಗಂಟೆಯಲ್ಲಿ ಹೊಲಗಳ ನಡುವೆ ಕೃತಕವಾಗಿ ಎಬ್ಬಿಸಿದ ಮಣ್ಣಿನ ದಿಬ್ಬವೊಂದು ಎದುರಾಗುತ್ತದೆ. ಸುಮಾರು 40 ಮೀಟರ್ ಎತ್ತರ, ತುದಿಯಲ್ಲಿ ಎರಕದ ಕಬ್ಬಿಣದ ಸಿಂಹ, ಏರಲು 226 ಮೆಟ್ಟಿಲು. ನಿವೃತ್ತಿಯ ನಂತರ ಮಗಳ ಮನೆಗೆ ಹೋಗಿದ್ದಾಗ, ಮಂಡಿನೋವನ್ನು ಲೆಕ್ಕಿಸದೆ ಅದನ್ನು ಹತ್ತಿದೆ. ಕೆಳಗೆ ಹರಡಿಕೊಂಡಿರುವುದೇ 1815ರ ಜೂನ್ 18ರಂದು ನೆಪೋಲಿಯನ್ ಸೋತ ವಾಟರ್ಲೂ ರಣಭೂಮಿ. 1826ರಲ್ಲಿ ಪೂರ್ಣಗೊಂಡ ಈ ದಿಬ್ಬಕ್ಕೆ ಬೇಕಾದ ಮಣ್ಣನ್ನು ಅಗೆದದ್ದು ಅದೇ ರಣಭೂಮಿಯಿಂದ. ವೆಲಿಂಗ್ಟನ್ ತನ್ನ ಸೈನ್ಯವನ್ನು ಮರೆಯಲ್ಲಿ ನಿಲ್ಲಿಸಲು ಆಯ್ದುಕೊಂಡಿದ್ದ ಏರಿನ ಒಂದು ಭಾಗ ಹೀಗೆ ಕರಗಿಹೋಯಿತು. ಸ್ಮಾರಕ ಕಟ್ಟುವ ಭರದಲ್ಲಿ ಸ್ಮರಿಸಬೇಕಾದ ನೆಲವನ್ನೇ ಬದಲಿಸಿದರೆನ್ನಬೇಕು.

ಕನ್ನಡಿಗರಿಗೆ ಈ ವೆಲಿಂಗ್ಟನ್ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದ ಸೈನ್ಯದಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದವನು ಇವನೇ. ಅವನ 33ನೆಯ ಪದಾತಿದಳ ಶ್ರೀರಂಗಪಟ್ಟಣದಲ್ಲೂ ಇತ್ತು, ಹದಿನಾರು ವರ್ಷಗಳ ನಂತರ ವಾಟರ್ಲೂನಲ್ಲೂ ಇತ್ತು. ಇಂದು ಆ ದಳದ ಕೆಂಪು ಅಂಗಿ ತೊಟ್ಟು ಕವಾಯತು ನಡೆಸುವ ಹವ್ಯಾಸಿಗಳು ಬ್ರಿಟನ್ನಿನಲ್ಲಿದ್ದಾರೆ.

ಇಂಥ ಹವ್ಯಾಸಿಗಳೆಲ್ಲ ಒಂದೆಡೆ ಸೇರಿದ್ದು 2015ರ ಜೂನ್ 19 ಮತ್ತು 20ರಂದು, ವಾಟರ್ಲೂ ದ್ವಿಶತಮಾನೋತ್ಸವದ ಪುನರಭಿನಯದಲ್ಲಿ. ಹತ್ತಾರು ದೇಶಗಳಿಂದ ಸುಮಾರು 5,000 ಮಂದಿ, 300ರಷ್ಟು ಕುದುರೆ, ನೂರರಷ್ಟು ಫಿರಂಗಿ. ನೋಡಲು ಬಂದವರು ದಿನಕ್ಕೆ ಹತ್ತಾರು ಸಾವಿರ. ಫ್ರಾನ್ಸಿಗೆ ಮಾತ್ರ ಈ ಸ್ಮರಣೆ ಅಷ್ಟು ರುಚಿಸಿರಲಿಲ್ಲ. ಬೆಲ್ಜಿಯಂ ಹೊರತರಲಿದ್ದ ಎರಡು ಯೂರೋ ಸ್ಮಾರಕ ನಾಣ್ಯಕ್ಕೆ ಅದು ಅಡ್ಡಬಂದಾಗ, ಬೆಲ್ಜಿಯಂ ಸದ್ದಿಲ್ಲದೆ ತನ್ನ ದೇಶದಲ್ಲಿ ಮಾತ್ರ ಚಲಾವಣೆಯಾಗುವ ಎರಡೂವರೆ ಯೂರೋ ನಾಣ್ಯವನ್ನೇ ಟಂಕಿಸಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಪ್ರಸಂಗವನ್ನು ಬಿಟ್ಟುಬಿಡಲು ಮನಸ್ಸು ಬರಲಿಲ್ಲ.

ಯುದ್ಧದ ಪುನರಭಿನಯವೆಂದರೆ ವೇಷ ತೊಟ್ಟು ಆಡುವ ಆಟವೆಂದು ತಳ್ಳಿಹಾಕುವವರುಂಟು. ಆದರೆ ಅದರೊಳಗೆ ಬಹುಕಾಲದಿಂದ ನಡೆದಿರುವ ಒಂದು ಜಗಳ ಗಂಭೀರವಾದದ್ದು. ಭಾಗವಹಿಸುವವರ ಅಂಗಿ, ಬೂಟು, ಕೋವಿ, ನಡಿಗೆ ಎಲ್ಲವೂ ಆ ಕಾಲದ್ದೇ ಆಗಿರಬೇಕೆನ್ನುವವರು ಒಂದು ಕಡೆ. ಆಸಕ್ತಿಯಿಂದ ಬಂದವರನ್ನು ಹೊಲಿಗೆ ನೋಡಿ ಹಿಂದಕ್ಕೆ ಕಳುಹಿಸಬಾರದೆನ್ನುವವರು ಇನ್ನೊಂದು ಕಡೆ. ಟೋನಿ ಹಾರ್ವಿಟ್ಜ್ 1998ರಲ್ಲಿ ಪ್ರಕಟಿಸಿದ ‘ಕಾನ್ಫೆಡರೇಟ್ಸ್ ಇನ್ ದಿ ಆಟಿಕ್’ ಎಂಬ ಪುಸ್ತಕದಲ್ಲಿ ಮೊದಲ ಪಂಗಡದವರ ಚಿತ್ರವಿದೆ. ಹಿತ್ತಾಳೆ ಗುಂಡಿಗಳಿಗೆ ಹಳೆಯ ಕಳೆ ಬರಲೆಂದು ಅವನ್ನು ಮೂತ್ರದಲ್ಲಿ ನೆನೆಸಿಡುವಷ್ಟು ಅವರು ಕಟ್ಟುನಿಟ್ಟು. ಅಮೆರಿಕದ ಅಂತರ್ಯುದ್ಧವನ್ನು ಅಭಿನಯಿಸುವ ಈ ಜನರು ಅರೆಬರೆ ವೇಷದವರನ್ನು ‘ಫಾರ್ಬ್’ ಎಂದು ಹಂಗಿಸುತ್ತಾರೆ.

ನಾನು ಉಪವಿಭಾಗಾಧಿಕಾರಿಯಾಗಿದ್ದಾಗ ತಾಲ್ಲೂಕು ಕೇಂದ್ರವೊಂದರ ಐತಿಹಾಸಿಕ ಮೆರವಣಿಗೆಯ ಹೊಣೆ ನನ್ನ ಮೇಲೆ ಬಿದ್ದಿತ್ತು. ಪಾಳೆಯಗಾರನ ಸೈನಿಕರಾಗಿ ನಿಂತಿದ್ದ ಕಾಲೇಜು ಹುಡುಗರ ಕೈಗಳಲ್ಲಿ ಗಡಿಯಾರ, ಕಾಲುಗಳಲ್ಲಿ ಬಿಳಿಯ ಕ್ಯಾನ್ವಾಸ್ ಬೂಟು. ಅಂಥವರನ್ನೆಲ್ಲ ಸಾಲಿನಿಂದ ಹೊರಗೆ ನಿಲ್ಲಿಸಿರೆಂದು ಎಳೆಯ ಅಧಿಕಾರಿಯ ಠೀವಿಯಿಂದ ಆಜ್ಞಾಪಿಸಿದೆ. ವಯಸ್ಸಾದ ಶಿರಸ್ತೇದಾರರು ಮೆಲ್ಲನೆ ಹೇಳಿದರು: ‘ಹಾಗೆ ಮಾಡಿದರೆ ಸಾರ್, ಆನೆಯ ಹಿಂದೆ ತಾವೂ ನಾನೂ ಇಬ್ಬರೇ ನಡೆಯಬೇಕಾಗುತ್ತದೆ.’ ಗಡಿಯಾರಗಳನ್ನು ಬಿಚ್ಚಿಸಿದೆವು. ಬೂಟು ಹಾಗೆಯೇ ಉಳಿದವು.

ಶಿರಸ್ತೇದಾರರ ಮಾತಿನಲ್ಲಿ ಕೇವಲ ರಾಜಿಯ ಬುದ್ಧಿಯಿರಲಿಲ್ಲವೆಂದು ವಾಟರ್ಲೂ ದಿಬ್ಬದ ಮೇಲೆ ನಿಂತಾಗ ಹೊಳೆಯಿತು. 1815ರಲ್ಲಿ ಈ ಇಕ್ಕಟ್ಟಾದ ನೆಲದಲ್ಲಿ ಮೂರೂ ಸೈನ್ಯಗಳು ಸೇರಿ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯಿದ್ದರು. 2015ರಲ್ಲಿ ನೆರೆದ ಅಭೂತಪೂರ್ವ ಸಂಖ್ಯೆಯೂ ಅವರಲ್ಲಿ ಮೂವತ್ತಾರು, ಮೂವತ್ತೆಂಟು ಮಂದಿಗೆ ಒಬ್ಬನಂತೆ. ಆರು ನೂರು ಜನರ ಪಡೆಯೊಂದರ ಜಾಗದಲ್ಲಿ ಹದಿನೈದು ಮಂದಿ ನಿಂತರೆ, ಅವರ ಒಂದೊಂದು ಗುಂಡಿಯೂ ನಿರ್ದುಷ್ಟವಾಗಿದ್ದರೇನು? ಅಶ್ವದಳ ಎರಗಿದಾಗ ಪದಾತಿಗಳು ಚೌಕ ಕಟ್ಟಿ ನಿಲ್ಲುತ್ತಿದ್ದುದು ವಾಟರ್ಲೂ ಕಾಳಗದ ಜೀವಾಳ. ಹದಿನೈದು ಮಂದಿಯಿಂದ ಚೌಕ ಕಟ್ಟಲಾಗದು. ಸಂಖ್ಯೆಯೂ ಒಂದು ಬಗೆಯ ಸಾಚಾತನ. ದಂಡು ದಂಡಿನಂತೆ ಕಾಣದಿದ್ದರೆ, ನೋಡುಗನಿಗೆ ತಲುಪುವುದು ದರ್ಜಿಯ ಜಾಣ್ಮೆ ಮಾತ್ರ, ಯುದ್ಧದ ತಿಳಿವಳಿಕೆಯಲ್ಲ.

ಇನ್ನು ಖರ್ಚಿನ ಮಾತು. ಮಾದರಿ ಕೋವಿ, ಉಣ್ಣೆಯ ಸಮವಸ್ತ್ರ, ಬೂಟು, ಚೀಲ ಎಲ್ಲವನ್ನೂ ಹೊಸದಾಗಿ ಕೊಳ್ಳಹೊರಟರೆ ಸಾವಿರ ಡಾಲರಿಗೂ ಮೀರುತ್ತದೆ. ಕಟ್ಟುನಿಟ್ಟು ಹೆಚ್ಚಿದಷ್ಟೂ ಪ್ರವೇಶದ ಬೆಲೆ ಏರುತ್ತದೆ. ಇಪ್ಪತ್ತರ ಹುಡುಗ ಹೊರಗುಳಿದು, ಕೈಯಲ್ಲಿ ಹಣವೂ ಬಿಡುವೂ ಇರುವ ಐವತ್ತರ ಗೃಹಸ್ಥ ಒಳಗೆ ಬರುತ್ತಾನೆ. ಹೀಗಾಗಿ ಅಚ್ಚುಕಟ್ಟಾದ ಅಂಗಿಯೊಳಗೆ ಯಾವ ಸೈನ್ಯದಲ್ಲೂ ಇರದಿದ್ದ ಬೊಜ್ಜು ತುಂಬಿಕೊಳ್ಳುತ್ತದೆ. ಹೊಸಬರಿಗೆ ಕೂಟದ ವತಿಯಿಂದಲೇ ವೇಷಭೂಷಣವನ್ನು ಎರವಲು ಕೊಡುವ ಪದ್ಧತಿ ಹಲವು ಕಡೆ ಇದೆ. ಹತ್ತು ಅಡಿ ದೂರದಿಂದ ಕಾಣದ ದೋಷವನ್ನು ಎಣಿಸಬಾರದೆಂಬ ‘ಹತ್ತು ಅಡಿ ನಿಯಮ’ವೂ ಬಳಕೆಯಲ್ಲಿದೆ. ನನ್ನ ದೃಷ್ಟಿಯಲ್ಲಿ ಎರಡೂ ವಿವೇಕದ ಕ್ರಮಗಳು. ಮುಂದಿನ ಸಾಲಿಗೆ ಬಿಗಿ ನಿಯಮ, ಹಿಂದಿನ ಸಾಲಿಗೆ ಸಡಿಲಿಕೆ ಎಂದರೂ ನಡೆದೀತು. ಸಡಿಲಿಕೆ ಕೂಡದಿರುವುದು ಸುರಕ್ಷತೆಯಲ್ಲಿ ಮಾತ್ರ. ಕೋವಿಗೆ ಮದ್ದು ತುಂಬುತ್ತಾರೆಯೇ ಹೊರತು ಗುಂಡನ್ನಲ್ಲ. ಎದುರಾಳಿ ಹತ್ತಿರವಿದ್ದರೆ ನಳಿಗೆಯನ್ನು ಮೇಲಕ್ಕೆತ್ತಿ ಹಾರಿಸುತ್ತಾರೆ. ಇಲ್ಲಿ ಸಾಚಾತನ ಸೋಲಲೇಬೇಕು.

ಸೋಜಿಗವೆಂದರೆ, ಹೊಲಿಗೆಯನ್ನು ಇಷ್ಟೊಂದು ಪರೀಕ್ಷಿಸುವ ಕಟ್ಟುನಿಟ್ಟಿನವರು ಸಾವಿನ ವಿಷಯದಲ್ಲಿ ಉದಾರಿಗಳು. ದೂರದೂರಿನಿಂದ ಹಣ ಸುರಿದು ಬಂದವನಿಗೆ ಮೊದಲ ಸುತ್ತಿನಲ್ಲೇ ಸತ್ತು ಬಿಸಿಲಲ್ಲಿ ಮಲಗುವ ಮನಸ್ಸಿರುವುದಿಲ್ಲ. ಫಿರಂಗಿಗಳು ಗುಡುಗುತ್ತವೆ, ಸಾಲು ಮಾತ್ರ ಅಲುಗುವುದಿಲ್ಲ. ಯಾರು ಯಾವಾಗ ಬೀಳಬೇಕೆಂದು ಕೆಲವೆಡೆ ಚೀಟಿ ಎತ್ತಿ ನಿರ್ಧರಿಸಬೇಕಾಗಿ ಬಂದಿದೆ. ನಿಜವಾದ ವಾಟರ್ಲೂನಲ್ಲಿ ಒಂದೇ ದಿನ ಸತ್ತವರು, ಗಾಯಗೊಂಡವರು ಸೇರಿ ನಲವತ್ತು ಸಾವಿರಕ್ಕೂ ಹೆಚ್ಚು.

ಸಾಚಾತನದ ಹೆಸರಿನಲ್ಲಿ ಇತಿಹಾಸಕ್ಕೇ ಅಪಚಾರವಾದದ್ದೂ ಉಂಟು. 1989ರಲ್ಲಿ ಅಮೆರಿಕದ ಆಂಟೀಟಮ್ ರಣಭೂಮಿಯಲ್ಲಿ ನಡೆದ ಕಾರ್ಯಕ್ರಮಕ್ಕೆ ಮಹಿಳೆಯೊಬ್ಬರು ಸೈನಿಕನ ವೇಷದಲ್ಲಿ ಬಂದಿದ್ದರು. ಗುಟ್ಟು ರಟ್ಟಾದೊಡನೆ, ಹೆಂಗಸು ಸೈನಿಕಳಾಗುವುದು ಆ ಕಾಲಕ್ಕೆ ಒಪ್ಪುವುದಿಲ್ಲವೆಂದು ಅಧಿಕಾರಿಗಳು ತಡೆದರು. ಆಕೆ ಮೊಕದ್ದಮೆ ಹೂಡಿ 1993ರಲ್ಲಿ ಗೆದ್ದರು. ಅಂತರ್ಯುದ್ಧದಲ್ಲಿ ನೂರಾರು ಹೆಂಗಸರು ಗಂಡುವೇಷದಲ್ಲಿ ಕಾದಾಡಿದ್ದಕ್ಕೆ ದಾಖಲೆಗಳಿವೆ. ಅದೇ ಆಂಟೀಟಮ್‌ನಲ್ಲೂ ಅಂಥವರಿದ್ದರು. ಹೀಗೆ ನೋಡಿದರೆ ಆ ದಿನ ಮೈದಾನದಲ್ಲಿದ್ದ ಅತ್ಯಂತ ಸಾಚಾ ಸೈನಿಕ ಆಕೆಯೇ ಇದ್ದಿರಬಹುದು. ಬಾಗಿಲಲ್ಲಿ ನಿಂತು ‘ನೀನು ಆ ಕಾಲದವನಲ್ಲ’ ಎನ್ನುವವರ ಬಳಿ ಬಹಳ ಸಲ ಇರುವುದು ಇತಿಹಾಸದ ಜ್ಞಾನವಲ್ಲ, ಇತಿಹಾಸದ ಬಗೆಗಿನ ಊಹೆ.

ಹಾಗಾದರೆ ಜನರನ್ನು ಸೇರಿಸಿಕೊಂಡುಬಿಟ್ಟರೆ ಸಮಸ್ಯೆ ಬಗೆಹರಿಯಿತೇ? ಇಲ್ಲ. 1961ರ ಜುಲೈನಲ್ಲಿ ಅಂತರ್ಯುದ್ಧದ ಶತಮಾನೋತ್ಸವದ ಅಂಗವಾಗಿ ಮನಾಸಸ್‌ನಲ್ಲಿ ಮೂಲ ರಣಭೂಮಿಯ ಮೇಲೆಯೇ ಭಾರಿ ಪುನರಭಿನಯ ನಡೆಯಿತು. ಸಾವಿರಾರು ನಟರು, ಹತ್ತಾರು ಸಾವಿರ ಪ್ರೇಕ್ಷಕರು. ಸತ್ತವರ ನೆಲದಲ್ಲಿ ಜಾತ್ರೆ ನಡೆಸಿದರೆಂಬ ಟೀಕೆ ಎದ್ದಿತು. ಕರಿಯರು ನಾಗರಿಕ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಹೊತ್ತು ಅದು. ಇಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ತನ್ನ ಸುಪರ್ದಿನ ರಣಭೂಮಿಗಳಲ್ಲಿ ಕೋವಿ ಹಾರಿಸಿ ತೋರಿಸಲು ಅವಕಾಶ ಕೊಡುತ್ತದೆ. ಎದುರುಬದುರು ಕಾಳಗಕ್ಕೆ ಕೊಡುವುದಿಲ್ಲ. 2013ರಲ್ಲಿ ಗೆಟಿಸ್‌ಬರ್ಗ್‌ನ 150ನೆಯ ವರ್ಷದ ಭಾರಿ ಪುನರಭಿನಯಗಳು ನಡೆದದ್ದೂ ಉದ್ಯಾನದ ಹೊರಗಿನ ಖಾಸಗಿ ಹೊಲಗಳಲ್ಲಿ. ಈ ನಿರ್ಬಂಧ ನನಗೆ ಸರಿಯೆನಿಸುತ್ತದೆ. ವೇಷವನ್ನು ಮತ್ತೆ ಹೊಲಿಯಬಹುದು, ನೆಲವನ್ನು ಮತ್ತೆ ಮಾಡಲಾಗದು. ವಾಟರ್ಲೂ ದಿಬ್ಬವೇ ಸಾಕ್ಷಿ.

ಗೆಟಿಸ್‌ಬರ್ಗ್‌ನಲ್ಲಿ ಇನ್ನೂ ದೊಡ್ಡ ಕೊರತೆಯೊಂದಿದೆ. 1863ರಲ್ಲಿ ಜನರಲ್ ಲೀ ಸೈನ್ಯದೊಡನೆ ಅಡುಗೆ, ಸಾಮಾನು ಸಾಗಣೆ, ಚಾಕರಿಗಾಗಿ ಸಾವಿರಾರು ಕರಿಯ ಗುಲಾಮರು ನಡೆದಿದ್ದರು. ಪೆನ್ಸಿಲ್ವೇನಿಯಾದ ಸ್ವತಂತ್ರ ಕರಿಯರನ್ನು ಆ ಸೈನ್ಯ ಹಿಡಿದು ದಕ್ಷಿಣಕ್ಕೆ ಗುಲಾಮಗಿರಿಗೆ ಸಾಗಿಸಿತು. ಬೂದು ಅಂಗಿಯ ಬಣ್ಣದ ಛಾಯೆಗಾಗಿ ಕಾದಾಡುವ ಪುನರಭಿನಯಗಳಲ್ಲಿ ಈ ಜನ ಕಾಣಸಿಗುವುದು ತೀರ ಅಪರೂಪ. ಅವರನ್ನು ಅಭಿನಯಿಸಿರೆಂದು ಇಂದಿನ ಕರಿಯರನ್ನು ಕರೆಯುವುದೂ ಸುಲಭವಲ್ಲ. 1913ರಲ್ಲಿ ಅಲ್ಲಿಯೇ ಐವತ್ತು ಸಾವಿರಕ್ಕೂ ಹೆಚ್ಚು ಮಾಜಿ ಸೈನಿಕರು ಕೂಡಿದ್ದರು. ಒಮ್ಮೆ ಏರಿ ಹೋಗಿ ಸೋತ ಕಲ್ಲುಗೋಡೆಯವರೆಗೆ ದಕ್ಷಿಣದ ಮುದುಕರು ನಡೆದುಹೋಗಿ, ಆಚೆ ನಿಂತಿದ್ದ ಉತ್ತರದ ಮುದುಕರ ಕೈ ಕುಲುಕಿದರು. ವೇಷದ ಗೊಡವೆಯಿಲ್ಲದ, ಕಾದಾಡಿದವರೇ ಪಾಲ್ಗೊಂಡ ಆ ಸಮಾರಂಭದಲ್ಲೂ ಗುಲಾಮಗಿರಿಯ ಮಾತು ಬಹುಮಟ್ಟಿಗೆ ಬರಲಿಲ್ಲ.

ಇದಕ್ಕೆ ಹೋಲಿಸಲು ನಾನು ಆಯ್ದುಕೊಳ್ಳುವುದು ಬ್ರಿಟನ್ನಿನ ಓರ್‌ಗ್ರೀವ್ ಪ್ರಸಂಗವನ್ನು. ವಾಟರ್ಲೂ ನಡೆದ ತಾರೀಖಿನಂದೇ, 1984ರ ಜೂನ್ 18ರಂದು, ಅಲ್ಲಿನ ಕೋಕ್ ಕಾರ್ಖಾನೆಯ ಮುಂದೆ ಮುಷ್ಕರನಿರತ ಗಣಿ ಕಾರ್ಮಿಕರಿಗೂ ಪೊಲೀಸರಿಗೂ ಘರ್ಷಣೆಯಾಗಿತ್ತು. ಆ ಸಂಜೆಯ ಬಿಬಿಸಿ ವಾರ್ತೆಯಲ್ಲಿ ದೃಶ್ಯಗಳ ಅನುಕ್ರಮ ಹಿಂದುಮುಂದಾಗಿ, ಕಾರ್ಮಿಕರ ಕಲ್ಲೆಸೆತಕ್ಕೆ ಉತ್ತರವಾಗಿ ಕುದುರೆ ಪೊಲೀಸರು ನುಗ್ಗಿದಂತೆ ಕಂಡಿತು. 2001ರಲ್ಲಿ ಕಲಾವಿದ ಜೆರೆಮಿ ಡೆಲ್ಲರ್ ಅದನ್ನು ಅದೇ ಊರಿನಲ್ಲಿ ಪುನರಭಿನಯ ಮಾಡಿಸಿದರು. ಸುಮಾರು ಸಾವಿರ ಮಂದಿಯಲ್ಲಿ ಬಹುಪಾಲು ಹವ್ಯಾಸಿ ಯುದ್ಧಾಭಿನಯದ ಕೂಟಗಳವರು. ಉಳಿದವರಲ್ಲಿ ಸುಮಾರು ಇನ್ನೂರು ಮಂದಿ ಹಿಂದಿನ ಗಣಿ ಕಾರ್ಮಿಕರು, ಜೊತೆಗೆ ಕೆಲವು ಮಾಜಿ ಪೊಲೀಸರು. ಹದಿನೇಳು ವರ್ಷಗಳಲ್ಲಿ ಅವರ ಮೈ ದಪ್ಪಗಾಗಿತ್ತು, ಕೂದಲು ನರೆತಿತ್ತು. ಯಾರ ಅಂಗಿ ಅಂದಿನದೆಂದು ಯಾರೂ ಕೇಳಿದಂತಿಲ್ಲ. ಅವರಲ್ಲಿ ಕೆಲವರು ಪಕ್ಷ ಬದಲಿಸಿ, ಒಂದು ಕಾಲಕ್ಕೆ ತಮ್ಮನ್ನು ಅಟ್ಟಿಸಿಕೊಂಡು ಬಂದವರ ಸಾಲಿನಲ್ಲಿ ನಿಂತರು.